ಬುತ್ತಿ ಹೊತ್ತ ಮುದುಕಿ

ಕೂಗಿದ್ದು ಬೆಕ್ಕಿರಬೇಕು, ಹಿತ್ತಲ ಗೋಡೆಯ ಮೇಲೆ, ಕೂಸಲ್ಲ — ಸಹನಾಗೆ ಅದು ಗೊತ್ತಾಗುವಷ್ಟರಲ್ಲಿ ಎದೆ ಜುಂ ಎಂದು ಕುಪ್ಪಸ ಒದ್ದೆಯಾಗಿತ್ತು, ಕಿವಿಗಿಂತ ಮೊದಲು ಹಾಲಿಗೇ ಕೇಳಿಸುತ್ತದೆಯೋ ಏನೋ, ಒದ್ದೆಯ ಮೇಲೆ ಮಲ್ಲಿಗೆ, ಹಾಲು ಬತ್ತಲೆಂದು ಅಜ್ಜಿ ಗೋದುಬಾಯಿ, ಎಲ್ಲರ ಆಯಿ, ಬೆಳಿಗ್ಗೆ ಎದೆಗೆ ಹರವಿ ಹಳೆಯ ಸೀರೆಯ ತುಂಡಿನಿಂದ ಬಿಗಿದದ್ದು, ಅದರ ಕಂಪಿನ ಕೆಳಗೆ ಹಾಲಿನ ಹುಳಿ ವಾಸನೆ, ಕಿಟಕಿಯಾಚೆಯಿಂದ ದಾಂಡೇಲಿಯ ಕಾಗದದ ಮಿಲ್ಲಿನ ಬೆಂದ ಕಟ್ಟಿಗೆಯ ವಾಸನೆ, ಹೂ ಮಾರುವ ಬದರುನ್ನಿಸಾ ಬಾಗಿಲಲ್ಲಿ ಮೊಳ ಹಾಕುತ್ತ ಕೇಳಿದ್ದಳು, ದಿನಾ ಇಷ್ಟ ಮಲ್ಲಿಗಿ ತಗೋತೀರಿ ಆಯಿ, ಮನ್ಯಾಗೇನ ಕಾರ್ಯ ಐತ್ರಿ, ಕಾರ್ಯ ಮುಗದೈತವಾ, ನೀ ಹೂವ ಹಾಕು, ಎಂದಳು ಆಯಿ, ಬದರುನ್ನಿಸಾ ಒಂದು ಮೊಳ ಹೆಚ್ಚಿಗೆ ಇಟ್ಟು ಹೋದಳು — ಒಂದು ಹಗಲಷ್ಟೇ ಉಸಿರಾಡಿದ ಮಗಳು, ಮಣ್ಣಿಗೊಯ್ಯುವ ಮೊದಲು ಆಯಿ ಸಹನಾಳ ಹಾಲಿನದೇ ಒಂದು ಹನಿಯನ್ನು ಕೂಸಿನ ಕೆಳತುಟಿಗೆ ಇಟ್ಟಿದ್ದಳು, ಉಪವಾಸ ಹೋಗಬಾರದವಾ ಎಂದು, ಹನಿ ಅಲ್ಲೇ ನಿಂತಿತು, ಒಳಗೆ ಹೋಗಲಿಲ್ಲ.

ಒಳಗೆ ಹೋದದ್ದೆಲ್ಲ ಎಲ್ಲಿಗೆ ಹೋಗುತ್ತದೆ, ಅದಕ್ಕೂ ಆಯಿಯ ಹತ್ತಿರ ಕಥೆಯಿತ್ತು, ಸಣ್ಣ ಸಹನಾ ಅನ್ನ ಬಿಟ್ಟು ಏಳಹೋದಾಗಲೆಲ್ಲ ಲಂಗದ ತುದಿ ಹಿಡಿದು ಕೂರಿಸಿ, ಹೊಟ್ಟ್ಯಾಗ ಒಬ್ಬಾಕಿ ಮುದುಕಿ ಅದಾಳ, ನೀ ಉಂಡದ್ದೆಲ್ಲಾ ಅರದು ಸೋಸಿ ಬುತ್ತಿ ಕಟ್ಟತಾಳ, ರಕ್ತದ ಹಳ್ಳ ಹಿಡದು ಹೊಂಟಳಂದ್ರ ಎಲುಬಿಗೊಂದ, ಕಣ್ಣಿಗೊಂದ, ಉಗರಿಗೂ ಒಂದ, ಯಾರನ್ನೂ ಮರಿಯೂದಿಲ್ಲ — ಬಸಿರಿನಲ್ಲಿ ಮೊದಲ ಬುತ್ತಿ ಹೊಕ್ಕುಳಬಳ್ಳಿಯ ದಾರಿ ಹಿಡಿಯುತ್ತಿತ್ತು, ಸಹನಾಳ ಪಾಲಿನದನ್ನೂ ಕಿತ್ತುಕೊಂಡು, ನಿನ್ನ ಹಲ್ಲ ಉದುರಿದ್ರೂ ಚಿಂತಿಲ್ಲ, ನನ್ನ ಮಗಳ ಎಲುಬ ಗಟ್ಟಿ ಆಗ್ಲಿ ಎಂದು ನಗುತ್ತಿದ್ದ ಗಂಡ ಪುಂಡಲೀಕ ಈಗ ಮಿಲ್ಲಿನಿಂದ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ, ಬಳ್ಳಿಯನ್ನು ಕತ್ತರಿಸಿದರು, ಮುದುಕಿ ದಾರಿ ಬದಲಿಸಿ ಎದೆಯ ಬಾಗಿಲಿಗೆ ಬಂದಳು, ಅವಳಿಗೇನು ಗೊತ್ತು, ಹೊತ್ತು ಹೊತ್ತಿಗೆ ಬುತ್ತಿ ತರುತ್ತಾಳೆ, ಬಿಸಿ ಬಿಸಿ, ಆ ತುಟಿಗೆಂದು, ಆ ಹನಿ ನಿಂತ ತುಟಿಗೆ.

ನಿನ್ನೆ ಮಧ್ಯಾಹ್ನ ಆಯಿ ಒರಗಿದಾಗ ಸಹನಾ ಬಿಗಿದ ಬಟ್ಟೆಯನ್ನು ಸಡಿಲಿಸಿದಳು, ಬಾಣಂತಿಗೆ ಹಾಲು ಹೆಚ್ಚಲೆಂದು ಮೊದಲೇ ಕಟ್ಟಿಟ್ಟಿದ್ದ ಅಂಟಿನುಂಡಿಯ ಡಬ್ಬಿಯನ್ನು ಗೋಡೆಯ ಮೇಲಿನ ನಾಗೊಂದಿಗೆಯಿಂದ ಇಳಿಸಿ ಕದ್ದು ತಿಂದಳು, ತುಪ್ಪ, ಬೆಲ್ಲ, ಒಣಕೊಬ್ಬರಿ, ತಗೋ ಮುದುಕಿ ಒಯ್ಯಿ, ಹಾಲು ನಿಂತರೆ ಮಗಳದೆಂದು ಮೈಯಲ್ಲಿ ಏನುಳಿಯುತ್ತದೆ, ದಿಂಬಿನ ಮೇಲೆ ಕೊಬ್ಬರಿಯ ಚೂರು ಬಿದ್ದದ್ದು ತಿಳಿಯಲಿಲ್ಲ, ಆಯಿ ಅದನ್ನು ಬೆರಳಿಗಂಟಿಸಿ ನೋಡಿದಳು, ಬೈಯಲಿಲ್ಲ, ಪಕ್ಕಕ್ಕೆ ಕೂತಳು, ತಿನ್ನವಾ, ಡಬ್ಬಿ ಕೆಳಗ ಇಡತೇನಿ, ಖರೆ ಆ ಮುದುಕಿಗೆ ಯಾರಾರ ಹೇಳಬೇಕಲ್ಲ, ಎಷ್ಟಂತ ಬುತ್ತಿ ಹೊತ್ತ ಬಾಗಲದಾಗ ನಿಲ್ಲತಾಳ, ನಾ ಹೂವ ಕಟ್ಟಿದ್ರ ಆಕಿ ಕೇಳೂದಿಲ್ಲ, ನೀನ ಹೇಳಬೇಕ — ಹೇಳಬೇಕು, ಇವತ್ತು ಹೇಳುತ್ತೇನೆ, ಮುದುಕೀ, ನಾಳಿಂದ ಬರಬ್ಯಾಡ, ಉಣ್ಣಾಕಿ — ಬೆಕ್ಕು ಮತ್ತೆ ಕೂಗಿತು, ಎದೆ ಜುಂ, ಮುದುಕಿ ಆಗಲೇ ಬಂದು ಗಂಟು ಬಿಚ್ಚಿದಳು, ಉಣ್ಣಾಕಿ ಇಲ್ಲ ಅನ್ನಬೇಕು, ಉಣ್ಣಾಕಿ, ಉಣ್ಣಾಕಿ — ನೀಲಿ ಕೆಳತುಟಿ, ಅದರ ಮೇಲೆ ಹನಿ, ಒಳಗೂ ಹೋಗದೆ, ಹೊರಗೂ ಜಾರದೆ, ಹನಿ