ಒಂದು ಉಸಿರಿನ ತಡ

ವೃಂದಾ ನಡುಮನೆಗೆ ನೀರು ಹೊಯ್ದು ಬಾಗಿಲ ಕಡೆಗೆ ಗುಡಿಸುತ್ತಿದ್ದಾಗ, ಹರಿದು ಬಂದ ಆ ನೀರಿನಲ್ಲೇ ಕಾಲೂರಿ ಅಪರಿಚಿತನೊಬ್ಬ ನಿಂತಿದ್ದ. ಅವಳ ತಂದೆ ವಿಷ್ಣುತೀರ್ಥರನ್ನು ಹೊತ್ತವರು ಆಗಲೇ ಕೀಲ್ಪಾಕಿನ ಬೀದಿ ದಾಟಿದ್ದರು. ಗಂಡಸರೆಲ್ಲ ಹಿಂದೆಯೇ ನಡೆದಿದ್ದರು. ಹೆಣ ಹೋದ ಮೇಲೆ ಸಾವಿನ ಮನೆಗೆ ಬರುವವರು ಎರಡೇ ಬಗೆ ಎನ್ನುತ್ತಾರೆ: ದಾರಿ ತಪ್ಪಿದವರು, ಇಲ್ಲವೇ ಮಾತು ಬಾಕಿ ಉಳಿಸಿಕೊಂಡವರು.

“ನಾನು ಭೋಜರಾಜ. ಊರಿನ ಆ ತುದಿ ಮಣಲಿಯಿಂದ ಬಸ್ಸು ತಡವಾಯ್ತು,” ಎಂದ.

ಪೊರಕೆ ನಿಂತಿತು. ಬೇರೆ ಮನೆಗಳಲ್ಲಿ ಮಕ್ಕಳಿಗೆ ಗುಮ್ಮನ ಹೆಸರು ಹೇಳುವಂತೆ ಈ ಮನೆಯಲ್ಲಿ ಆ ಹೆಸರು ಕೇಳಿಬರುತ್ತಿತ್ತು.

ಮೂಲೆಯಲ್ಲಿ ಕುಳಿತಿದ್ದ ತಾಯಿ ಲಕ್ಷ್ಮೀ ತಲೆಯೆತ್ತಿದರು. “ಆ ಭೋಜರಾಜನೇ ನೀವು? ಇವರು ಬೈತಿದ್ದದ್ದು ಕೇಳಿ ಯಾರೋ ಗಡ್ಡದ ಮುದುಕ ಅಂದ್ಕೊಂಡಿದ್ದೆ.”

*

ತೊಂಬತ್ತೇಳನೆಯ ಇಸವಿಯಲ್ಲಿ ವಿಮಾ ಕಚೇರಿಯಿಂದ ನಿವೃತ್ತರಾದ ವಿಷ್ಣುತೀರ್ಥರು, ದೇಶದೇಶಗಳ ಜನ ಕೂಡಿ ಕಟ್ಟಿ ಎಲ್ಲರಿಗೂ ತೆರೆದಿಟ್ಟಿದ್ದ ಒಂದು ಆಪರೇಟಿಂಗ್ ಸಿಸ್ಟಮ್ಮಿಗೆ ಬಿಡುವಿನಲ್ಲಿ ದುಡಿದರು. ಕಂಪ್ಯೂಟರನ್ನು ಜಾಲಕ್ಕೆ ಕೂಡಿಸುವ ಹಳೆಯ ಬಗೆಯ ನೆಟ್‌ವರ್ಕ್ ಕಾರ್ಡನ್ನು ಮಾತಾಡಿಸುವ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಂ ಅವರ ಸುಪರ್ದಿನಲ್ಲಿತ್ತು. ಅದೇ ಕಾರ್ಡಿಗೆ ಭೋಜರಾಜ ಇನ್ನೊಂದನ್ನು ಬರೆದ. ಯಂತ್ರ ಹಚ್ಚಿದಾಗ ಮೊದಲು ಎದ್ದ ಡ್ರೈವರ್ ಕಾರ್ಡನ್ನು ಹಿಡಿಯುತ್ತಿತ್ತು, ಎರಡನೆಯದು ಬಾಯಿ ಮುಚ್ಚಿ ಕೂರುತ್ತಿತ್ತು. ಒಂದು ಒರೆಗೆ ಎರಡು ಕತ್ತಿ ಸಲ್ಲದೆಂದು ಆ ಬಳಗದ ಹಿರಿಯರು ಯಾವುದು ಉಳಿಯಬೇಕೆಂಬ ತೀರ್ಪನ್ನು ಇವರಿಬ್ಬರಿಗೇ ಬಿಟ್ಟರು. ತಮಿಳರ ನಾಡಿನ ಒಂದೇ ಊರಿನ ಇಬ್ಬರು ಕನ್ನಡಿಗರು, ಮುಖ ನೋಡದೆ, ವರ್ಷಗಟ್ಟಲೆ ಇಂಗ್ಲಿಷಿನಲ್ಲಿ ಜಗಳವಾಡಿದರು.

ಜಗಳವೆಲ್ಲ ಒಂದು ಉಸಿರಿನಷ್ಟು ಹೊತ್ತಿನ ಬಗ್ಗೆ. ವಿಷ್ಣುತೀರ್ಥರ ಡ್ರೈವರ್ ಕಾರ್ಡನ್ನು ಎಬ್ಬಿಸಿ, ಅಷ್ಟು ಹೊತ್ತು ಕಾದು, ಆಮೇಲೆ ಕೆಲಸ ಹೇಳುತ್ತಿತ್ತು. ಅದು ದಂಡದ ಕಾಯುವಿಕೆ ಎಂದು ಭೋಜರಾಜ ಬರೆದ. ಕಾಯದಿದ್ದರೆ ತಮ್ಮ ಕಾರ್ಡು ಮೂರ್ಛೆ ಹೋಗುತ್ತದೆ ಎಂದು ಇವರು. ಹಾಗಾದರೆ ರೋಗ ನಿಮ್ಮ ಯಂತ್ರದ್ದು ಎಂದು ಅವನು.

“ಬಿಟ್ಟುಕೊಡ್ರೀ, ಈ ವಯಸ್ಸಲ್ಲಿ ಯಾಕೆ ಹಟ?” ಎಂದು ಲಕ್ಷ್ಮೀ ಕೇಳಿದ್ದುಂಟು.

“ಹಟ ಅಲ್ಲ ಕಣೇ. ನಿದ್ದೆಯಿಂದ ಎಬ್ಬಿಸಿದ ತಕ್ಷಣ ಕೆಲಸ ಹೇಳಿದ್ರೆ ನೀನು ಮಾಡ್ತೀಯಾ?”

*

ಭೋಜರಾಜ ಗೋಡೆಗೊರಗಿ ಕುಳಿತ. “ಸುದ್ದಿ ನಮ್ಮ ಬಳಗಕ್ಕೂ ಮುಟ್ಟಿದೆ. ಇವತ್ತು ಸಾಯಂಕಾಲ ಹೊಸ ಆವೃತ್ತಿ ಹೊರಡುವಾಗ ಅವರ ಡ್ರೈವರನ್ನ ತೆಗೆದುಬಿಡ್ತಾರಮ್ಮ. ನೋಡ್ಕೊಳ್ಳೋರಿಲ್ಲದ್ದನ್ನ ಅಲ್ಲಿ ಇಟ್ಕೊಳ್ಳಲ್ಲ. ನಂದೇ ಉಳಿಯತ್ತೆ. ಆದ್ರೆ ಅವರ ಯಂತ್ರಾನ ಒಂದು ಸಲ ನೋಡ್ಬೇಕು.”

ಸೂತಕದ ಮನೆಯಲ್ಲಿ ಇದೆಂಥ ಕೇಳಿಕೆ ಎಂದು ನೆರೆಮನೆಯ ಊರ್ಮಿಳಾ ಗೊಣಗಿದರು. ವೃಂದಾ ತಾಯಿಯ ಮುಖ ನೋಡಿದಳು. ಅಪ್ಪನ ಅಷ್ಟು ವರ್ಷಗಳು ಬರೀ ಹಟವೋ ಅಲ್ಲವೋ, ಅವಳಿಗೂ ತಿಳಿಯಬೇಕಿತ್ತು. ಸಂಜೆ ಕಳೆದರೆ ಕೇಳುವವರೂ ಇರುವುದಿಲ್ಲ.

“ಇವತ್ತು ಒಲೆ ಹಚ್ಚಬಾರದು ಅಂತ ಶಾಸ್ತ್ರ ಇದೆ,” ಎಂದರು ಲಕ್ಷ್ಮೀ. “ಕಂಪ್ಯೂಟರ್ ಹಚ್ಚಬಾರದು ಅಂತ ಎಲ್ಲೂ ಕೇಳಿಲ್ಲ. ತೋರಿಸು ವೃಂದಾ.”

ಭೋಜರಾಜ ವಿಷ್ಣುತೀರ್ಥರ ಡ್ರೈವರನ್ನು ತೆಗೆದು ತನ್ನದನ್ನು ಹಾಕಿದ. ಯಂತ್ರದ ಬೆನ್ನಿನಲ್ಲಿ ಕಾರ್ಡಿನ ಹಸಿರು ದೀಪ ಮಿನುಗಿ ಆರಿತು. ಮತ್ತೆ ಮಾಡಿದ, ಮತ್ತೆ ಆರಿತು. ತಂತಿ ಬದಲಿಸಿದ, ಕಾರ್ಡನ್ನು ಕಿತ್ತು ಒರೆಸಿ ಕೂರಿಸಿದ. ಆರುವುದು ತಪ್ಪಲಿಲ್ಲ. ಕೊನೆಗೆ ವಿಷ್ಣುತೀರ್ಥರ ಬರಹದಿಂದ ಕಾಯುವ ಆ ಕೆಲವು ಸಾಲುಗಳನ್ನು ಎತ್ತಿ ತನ್ನದರೊಳಗೆ ಇಟ್ಟ. ದೀಪ ಆರದೆ ನಿಂತಿತು.

“ಹಟ ಅಲ್ಲ, ಅಲ್ವಾ?” ವೃಂದಾ ಕೇಳಿದಳು.

“ಅಲ್ಲಮ್ಮ. ಇಂಥ ಕಾರ್ಡು ಇನ್ನೂ ಎಷ್ಟು ಮನೇಲಿದೆಯೋ.” ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ನಮ್ಮಲ್ಲೊಂದು ಪದ್ಧತಿ. ಒಬ್ಬರ ಸಾಲು ತಗೊಂಡ್ರೆ ಅವರ ಹೆಸರನ್ನೂ ತಗೋಬೇಕು.”

ಡ್ರೈವರಿನ ಬರಹದ ತಲೆಯಲ್ಲಿದ್ದ ತನ್ನ ಹೆಸರನ್ನು ಒಂದು ಸಾಲು ಕೆಳಗೆ ಸರಿಸಿ, ತೆರವಾದ ಜಾಗದಲ್ಲಿ ವಿಷ್ಣುತೀರ್ಥರ ಹೆಸರು ಬರೆದು, ಬಳಗಕ್ಕೆ ಕಳಿಸಿದ. ಸಾವಿನ ಮನೆಯಿಂದ ‘ಬರ್ತೀನಿ’ ಎಂದು ಹೇಳಿ ಹೊರಡಬಾರದು. ಹೇಳದೆಯೇ ಮೆಟ್ಟಿಲಿಳಿದು ಹೋದ.

ಸ್ಮಶಾನದಿಂದ ಮರಳಿದ ಗಂಡಸರು ಕಾಲಿಗೆ ನೀರು ಕೇಳುತ್ತ ಅಂಗಳದಲ್ಲಿ ನಿಂತಿದ್ದರು. ಕೊಡ ಎತ್ತಿದ ಲಕ್ಷ್ಮೀ ಅದನ್ನು ಕೆಳಗಿಟ್ಟು, “ಇನ್ನೊಂದು ಸಲ ಹಚ್ಚೇ,” ಎಂದರು.

ವೃಂದಾ ಯಂತ್ರವನ್ನು ಆರಿಸಿ ಹಚ್ಚಿದಳು. ತಾಯಿ ಮಗಳು ಇಬ್ಬರೂ ಅದರ ಬೆನ್ನಿನ ಕಡೆಗೆ ಬಗ್ಗಿದರು. ಹಸಿರು ದೀಪ ಮಿನುಗಿತು. ಕಪ್ಪಾಯಿತು. ಒಂದು ಉಸಿರಿನಷ್ಟು ಹೊತ್ತು ಹಾಗೇ ಇತ್ತು. ಆಮೇಲೆ ಹೊತ್ತಿ, ಉರಿಯತೊಡಗಿತು.