ಡಬ್ಬಿಯ ಮೇಲಿನ ಹುಡುಗಿ

ಅನಸೂಯಳ ಎಡಗಾಲು ಪೋಲಿಯೊದಿಂದ ಸೊರಗಿತ್ತು. ಆದರೂ ಕಬ್ಬಿಣದ ಪಟ್ಟಿ ಜೋಡಿಸಿದ ಬೂಟು ತೊಟ್ಟು, ನಾಸಿಕದ ಹತ್ತಿರದ ಓಝರದ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ ಟಕ್ ಟಕ್ ಎಂದು ಸದ್ದು ಮಾಡುತ್ತ ಶಾಲೆಗೆ ನಡೆದೇ ಹೋಗುತ್ತಿದ್ದಳು. ಅವಳನ್ನು ಹಾಗೆ ನಿಲ್ಲಿಸಿದವರು ಬೀದರ ಕಡೆಯ ಡಾಕ್ಟರ್ ಸುಭದ್ರಾಬಾಯಿ. ನಾಸಿಕದಲ್ಲಿ ಅವರದೊಂದು ಪುಟ್ಟ ದವಾಖಾನೆ ಇತ್ತು. ಹಾಲಿಗೆ ಬೆರೆಸುವ ಪುಡಿ ಮಾರುವ ಕಂಪನಿಯೊಂದು 1974ರಲ್ಲಿ, ‘ಪ್ರತಿ ಡಬ್ಬಿಯಿಂದಲೂ ಪೋಲಿಯೊ ಮಕ್ಕಳಿಗೆ ನೆರವು’ ಎಂಬ ಜಾಹೀರಾತಿಗೆ ಅನಸೂಯಳ ಫೋಟೊ ಕೇಳಿತು. ನೆರವು ಆ ದವಾಖಾನೆಗೇ ಎಂದಾಗ ತಾಯಿ ವನಜಾ ಒಲ್ಲೆ ಎನ್ನಲಿಲ್ಲ.

ಕಂಪನಿಯ ಮ್ಯಾನೇಜರ್ ಕೃಷ್ಣರಾಜ ಮೈಸೂರಿನವರು. ಫೋಟೊ ತೆಗೆಯುವಾಗ ನಯವಾಗಿ ಹೇಳಿದರು: “ಆ ಪಟ್ಟಿ ಬಿಚ್ಚಿಬಿಡಿ ಅಮ್ಮ. ಮಗು ನೆಲದ ಮೇಲೆ ಕೂತಿರಲಿ. ನೋಡಿದವರ ಮನಸ್ಸು ಕರಗಬೇಕಲ್ವಾ?”

ವನಜಾ ತಾನೇ ಬಿಚ್ಚಿದಳು. ಒಳ್ಳೆಯ ಕೆಲಸಕ್ಕೆ ತಾನೇ ಎಂದುಕೊಂಡಳು.

ಆ ಫೋಟೊ ಅಂಟಿಸಿದ ಡಬ್ಬಿಗಳು ಅಂಗಡಿಗೆ ಬಂದವು. ಒಂದು ದಿನ ಬಜಾರಿನಲ್ಲಿ ಮುದುಕಿಯೊಬ್ಬಳು ಅನಸೂಯಳ ಗುರುತು ಹಿಡಿದು, “ಬಿಚಾರಿ!” ಎಂದು ಮರುಕದಿಂದ ಲೊಚಗುಟ್ಟಿ, ಅವಳ ಕೈಗೆ ಒಂದು ಬಾಳೆಹಣ್ಣು ತುರುಕಿದಳು.

ಹುಡುಗಿ ಹಣ್ಣು ತಿನ್ನಲಿಲ್ಲ. “ಅವ್ವಾ, ನಾ ನಡೀತೀನಿ ಅಂತ ಫೋಟೊದವರಿಗೆ ಯಾಕ ಹೇಳಲಿಲ್ಲ?” ಎಂದಳು.

ಚೆಕ್ ಕೊಡುವ ಸಮಾರಂಭಕ್ಕೆ ನಾಸಿಕದ ಸಭಾಗೃಹ ಕಿಕ್ಕಿರಿದಿತ್ತು. ಕೃಷ್ಣರಾಜ ಅನಸೂಯಳನ್ನು ಎತ್ತಿಕೊಂಡು ವೇದಿಕೆ ಏರಿದರು.

“ಇಳಸ್ರಿ ಅಂಕಲ್, ನಾ ನಡೀತೀನಿ,” ಎಂದು ಅವಳು ಕೊಸರಿಕೊಂಡು ಇಳಿದೇಬಿಟ್ಟಳು. ವೇದಿಕೆಯ ಹಲಗೆ ಟಕ್ಕೆನ್ನುತ್ತಿದ್ದಂತೆ ಸೀದಾ ಮೈಕಿನವರೆಗೆ ನಡೆದಳು. ಸಭೆಯೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿತು.

ಕೃಷ್ಣರಾಜ ಒಂದು ಗಳಿಗೆ ತಬ್ಬಿಬ್ಬಾದರು. ಮರುಗಳಿಗೆಯಲ್ಲೇ ಡಬ್ಬಿಯನ್ನು ಎತ್ತಿ ಹಿಡಿದು, ಹಿಂದಿಯಲ್ಲಿ, ಇದೆಲ್ಲ ನಮ್ಮ ಪುಡಿಯ ಮಹಿಮೆ ಎಂದು ಸಾರಿದರು. ಚಪ್ಪಾಳೆ ಇನ್ನೂ ಜೋರಾಯಿತು.

ವನಜಾಳಿಗೆ ಮೈಯೆಲ್ಲ ಉರಿದುಹೋಯಿತು. ಮೆಟ್ಟಿಲು ಹತ್ತಿ ತನಗೆ ಬರುವಷ್ಟು ಮರಾಠಿಯಲ್ಲೇ ಹೇಳಿದಳು: ಫೋಟೊಗಿಂತ ಮೊದಲೇ ಇವಳು ನಡೆಯುತ್ತಿದ್ದಳು, ಕಾಲಿನ ಪಟ್ಟಿ ಬಿಚ್ಚಿ ಕೂರಿಸಿದವಳು ನಾನೇ, ಇವಳನ್ನು ನಡೆಸಿದ್ದು ಡಾಕ್ಟರ್‌ಬಾಯಿ, ಈ ಪುಡಿ ಅಲ್ಲ.

ಚೆಕ್ಕೇನೋ ಕೈಸೇರಿತು. ಆದರೆ ಮರುವರ್ಷ ಕಂಪನಿ ನಾಸಿಕದತ್ತ ತಿರುಗಿಯೂ ನೋಡಲಿಲ್ಲ. ಔರಂಗಾಬಾದಿನ ಕಣ್ಣಿನ ಶಿಬಿರವೊಂದರ ಹೆಸರನ್ನು ಡಬ್ಬಿಗೆ ಅಂಟಿಸಿಕೊಂಡಿತು.

“ನಂದು ತಪ್ಪಾತೇನ್ರಿ ಬಾಯಿ?” ಎಂದು ವನಜಾ ಕೇಳಿದಳು.

“ಖರೇನ ಹೇಳಿದಿ. ತಪ್ಪು ಅನ್ನಲಿಕ್ಕೆ ನಂಗ ಬಾಯಿ ಬರಂಗಿಲ್ಲ,” ಎಂದರು ಸುಭದ್ರಾಬಾಯಿ. “ಆದ್ರ ಪಟ್ಟಿಗಾಗಿ ವರಾಂಡಾದಾಗ ಕುಂತ ಕೂಸುಗಳಿಗೆ ಏನ್ ಹೇಳ್ಲಿ, ಅದೂ ತಿಳೀವಲ್ದು.”

ಅಂದಿನಿಂದ ವನಜಾ ವಾರಕ್ಕೊಮ್ಮೆ ದವಾಖಾನೆಗೆ ಹೋಗಿ ಮಕ್ಕಳನ್ನು ನಡೆಸತೊಡಗಿದಳು. ಗಂಡ ತ್ಯಾಗರಾಜ ಕಾರ್ಖಾನೆಯ ಗೆಳೆಯರನ್ನು ಸೇರಿಸಿಕೊಂಡು ರಜೆಯ ದಿನ ಪಟ್ಟಿಗಳನ್ನು ಬಗ್ಗಿಸಿ ಕೊಡುತ್ತಿದ್ದ. ಅವು ಎಂದೂ ಎಲ್ಲರಿಗೂ ಸಾಲಲಿಲ್ಲ. ಸರದಿ ಕಾಯುವ ತಾಯಂದಿರಿಗೆ “ಇನ್ನ ಸ್ವಲ್ಪ ತಡೀರಿ” ಎಂದು ಹೇಳುವ ಕೆಲಸವೂ ವನಜಾಳದೇ ಆಯಿತು.