ಡ್ರೈವರ್ ಮುಟ್ಟುವಂತಿಲ್ಲ

"ಸ್ಕ್ರೀನ್ ಮೇಲೆ ಬೆರಳಿಡಬೇಡ್ವೋ! ಬಾಯಲ್ಲಿ ಹೇಳು ಸಾಕು."

ದುರ್ಗೇಶ ಕೈ ಹಿಂದಕ್ಕೆಳೆದುಕೊಂಡ. ದೊಮ್ಮಲೂರಿನ ಆ ಟೂರ್ ಆಫೀಸಿನ ಗೋಡೆಯ ತುಂಬ ಇಡೀ ಭಾರತದ ನಕ್ಷೆ ಬೆಳಗುತ್ತಿತ್ತು. ಬೈದವನು ಮ್ಯಾನೇಜರ್ ಸುನೀಲ್. ಸೋಫಾದಲ್ಲಿ ಕುಳಿತ ಇಂದಿರಾನಗರದ ಸೌಂದರ್ಯಾ ಮೇಡಂ ಸೀರೆ ಆರಿಸುವವರಂತೆ ದೇಶವನ್ನು ಆರಿಸುತ್ತಿದ್ದರು. ಹಿಮ ಇರಲಿ, ಮರಳುಗಾಡು ಇರಲಿ, ಉಪ್ಪಿನ ಬಯಲಲ್ಲಿ ಒಂದು ಹುಣ್ಣಿಮೆ ಇರಲಿ. ಹುಲಿ ಕಂಡರೆ ಸರಿ, ಕಾಣದಿದ್ದರೂ ಬೇಜಾರಿಲ್ಲ. ಹೋಟೆಲು ಮಾತ್ರ ಬೇಡ. ಹೋಟೆಲುಗಳಿಂದ ಪ್ರಕೃತಿ ಹಾಳಾಗುತ್ತದೆ ಎಂದು ಅವರು ಎಲ್ಲೋ ಓದಿದ್ದರು. ಹಾಗಾಗಿ ಬಸ್ಸಿನಷ್ಟು ಉದ್ದದ ಕ್ಯಾರವಾನ್. ಒಳಗೆ ಹಾಸಿಗೆ, ಅಡುಗೆಮನೆ, ಷವರ್, ಕಮೋಡ್.

"ಸುನೀಲ್, ಒಂದು ಸಿಲ್ಲಿ ಡೌಟು. ಆ ಟಾಯ್ಲೆಟ್ಟಿಂದು... ಅದೆಲ್ಲಾ ಎಲ್ಲಿಗೆ ಹೋಗುತ್ತೆ?"

"ಕೆಳಗಡೆ ಟ್ಯಾಂಕ್ ಇದೆ ಮೇಡಂ. ನೀವು ಏಳೋದ್ರೊಳಗೆ ಖಾಲಿ ಆಗಿರುತ್ತೆ. ಹೆಲ್ಪರ್ ಇದಾನೆ."

"ಎಲ್ಲಿ ಖಾಲಿ ಮಾಡ್ತಾರೆ?"

"ದೊಡ್ಡ ದೇಶ ಅಲ್ವಾ ಮೇಡಂ!" ಸುನೀಲ್ ನಕ್ಕ. ಮೇಡಂಗೂ ನಗು ತಡೆಯಲಾಗಲಿಲ್ಲ.

ದುರ್ಗೇಶನನ್ನು ಕರೆಸಿದ್ದು ಅದಕ್ಕೇ. ಹಿಂದೆ ಲಾರಿಯಲ್ಲಿ ಆ ದಾರಿಗಳನ್ನೆಲ್ಲ ತುಳಿದವನು. ವ್ಯಾನು ತಂಗುವ ಕಡೆಯಲ್ಲೆಲ್ಲ, ಕಿಟಕಿಗೆ ಕಾಣದ, ವಾಸನೆ ಬಾರದ ಒಂದು ಜಾಗ ಅವನು ಹೇಳಬೇಕು. ಹೇಳಿದ. ಮರಳು ದಿಬ್ಬದ ಬೆನ್ನಿಗೆ. ಹೊಳೆ ತಿರುಗುವ ಕಡೆ, ಸೇತುವೆ ಕೆಳಗೆ. ಚಂದದ ಜಾಗಕ್ಕೆಲ್ಲ ಒಂದು ಹಿತ್ತಲಿರುತ್ತದೆ. ಅವನು ದೇಶವನ್ನು ಹಿತ್ತಲ ಕಡೆಯಿಂದಲೇ ನೋಡಿದವನು.

"ಪಾಪ ಅಲ್ವಾ," ಎಂದರು ಮೇಡಂ. "ಆ ಹೆಲ್ಪರ್‌ಗೆ ಒಳ್ಳೇ ಗ್ಲೌಸ್ ಕೊಡ್ಸಿ, ನಾನೇ ಪೇ ಮಾಡ್ತೀನಿ. ಇಲ್ಲಾಂದ್ರೆ ನಂಗೆ ತುಂಬಾ ಗಿಲ್ಟ್ ಆಗುತ್ತೆ."

ಅವರ ಗಿಲ್ಟಿಗೆ ಗ್ಲೌಸಿನಲ್ಲಿ ಪರಿಹಾರ ಸಿಕ್ಕಿತು. ದುರ್ಗೇಶನದಕ್ಕೆ ಸಿಗಲಿಲ್ಲ.

ಆ ಹೆಲ್ಪರು ಅವನ ಸ್ವಂತ ಅಕ್ಕನ ಗಂಡ, ಮುತ್ತಣ್ಣ. ಈ ಕೆಲಸಕ್ಕೆ ಅವನ ಹೆಸರು ಕೊಟ್ಟವನು ದುರ್ಗೇಶನೇ. ಕೆಲಸ ಕೇಳಲು ಬಂದ ದಿನ ಸುನೀಲ್ ಲೈಸೆನ್ಸ್ ನೋಡುವ ಮೊದಲು ಊರು ಕೇಳಿದ್ದ.

"ಯಾದಗಿರಿ ಹತ್ರಾನಾ? ಮನೆ ಊರೊಳಗಾ, ಹೊರಗಾ?"

"ಹೊರಗ್ರಿ."

"ಒಳ್ಳೇದಾಯ್ತು ಬಿಡು. ಆ ಕೆಲಸಕ್ಕೆ ನಿಮ್ಮೋರಲ್ಲೇ ಒಬ್ಬನ್ನ ಕರ್ಕೊಂಬಾ. ಕರ್ಕೊಂಬಂದ್ರೆ ಸ್ಟೀರಿಂಗ್ ನಿಂದು."

ಮುತ್ತಣ್ಣ ಊರಲ್ಲಿ ಅಪ್ಪನ ಕಾಲದಿಂದ ಮೋರಿ ಬಳಿದವನು. ಒಂದು ಬೆಳಿಗ್ಗೆ ಬಳಿಯುವ ಬುಟ್ಟಿಯನ್ನು ಪಂಚಾಯ್ತಿ ಕಟ್ಟೆಯ ಮೇಲೆ ಇಟ್ಟು ರೈಲು ಹತ್ತಿದ್ದ. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಬೆನ್ನು ಬಾಗಿದರೂ ಅವನ ಮಾತು ಒಂದೇ: "ಏನರ ಹೊರ್ತೀನಿ, ಅದೊಂದ್ ಬ್ಯಾಡ." ಅಂಥವನಿಗೆ ದುರ್ಗೇಶ, ಗಾಜು ಒರೆಸುವ ಕೆಲಸ ಮಾವ, ಎಂದಿದ್ದ. ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಕೊಂಡಿದ್ದ. ಮಾವ ಮಲಗಿರಲಿ, ನಸುಕಿನಲ್ಲೆದ್ದು ನಾನೇ ಬಳಿದುಬಿಟ್ಟರಾಯಿತು. ಹೆಸರು ಅವನದು, ಕೈ ನನ್ನದು.

"ಇನ್ನೊಂದು ವಿಷಯ," ಎಂದ ಸುನೀಲ್, ಈಗ ದುರ್ಗೇಶನ ಕಡೆ ತಿರುಗಿ. "ಡ್ರೈವರ್ ಅದನ್ನ ಮುಟ್ಟಂಗಿಲ್ಲ. ಸ್ಟೀರಿಂಗ್ ಹಿಡಿಯೋ ಕೈ, ಮೇಡಂ ಬ್ಯಾಗ್ ಎತ್ತೋ ಕೈ. ಹೈಜೀನು. ಅವನೇ ಮಾಡ್ಬೇಕು. ಕ್ಯಾಮೆರಾ ಹಾಕ್ಸಿದೀನಿ, ನೋಡ್ತಿರ್ತೀನಿ."

ಒಂದೇ ಕೇರಿಯ ಇಬ್ಬರಲ್ಲಿ ಒಬ್ಬನ ಕೈಗೆ ಮಡಿ ಬಂದಿತ್ತು.

*

ಅಂದು ಸಂಜೆ ಕೆ.ಆರ್. ಪುರದ ತನ್ನ ಬಾಡಿಗೆ ಕೋಣೆಯ ಬಾಗಿಲಿಗೆ ಮುತ್ತಣ್ಣ ಬಂದಾಗ ದುರ್ಗೇಶ ಚೊಂಬಿನಲ್ಲಿ ಕಾಲಿಗೆ ನೀರು ಕೊಟ್ಟ. ಅಂಗಳವಿಲ್ಲದ ಮನೆ, ನೀರು ಮೆಟ್ಟಿಲಿಳಿದು ಕೆಳಗಿನವರ ಬಾಗಿಲಿಗೆ ಹೋಗಿ ದಿನಾ ಜಗಳ. ಆದರೂ ಅಕ್ಕನ ಗಂಡನಿಗೆ ನೀರು ಕೊಡದೆ ಒಳಗೆ ಕರೆದವರಿಲ್ಲ.

"ನೋಡೋ, ನಿಮ್ಮಕ್ಕಗ ನಗು ತಡೀವಲ್ದು," ಎನ್ನುತ್ತ ಮುತ್ತಣ್ಣ ಚೀಲದಿಂದ ಸ್ವೆಟರ್ ತೆಗೆದ. ಹಳೇ ಬಟ್ಟೆ ರಾಶಿಯಲ್ಲಿ ಸಿಕ್ಕಿದ್ದು, ಎದೆಯ ಮೇಲೆ ಬಿಳಿ ಜಿಂಕೆ.

"ಈ ವಯಸ್ಸಿಗಿ ಜಿಂಕಿ ಬೇಕಾಗಿತ್ತು," ಎಂದಳು ಅಕ್ಕ ಜಟ್ಟೆಮ್ಮ, ದಾರಿಯ ಬುತ್ತಿಗೆ ಕಟಕ ರೊಟ್ಟಿ ಬೇಯಿಸುತ್ತ. "ತಮ್ಮಾ, ಶೇಂಗಾ ಹಿಂಡಿ ಜಾಸ್ತಿ ಕುಟ್ಟೀನಿ. ನಿಮ್ ಮಾವಗ ಅಲ್ಲಿ ಊಟ ಸೇರೂದಿಲ್ಲ. ನೀ ಇದ್ದೀ ಅಂತ ಕಳಸ್ತೀನಿ ನೋಡಪ್ಪಾ."

"ಗುಡ್ಡದ ಮ್ಯಾಲಿನ ಬರ್ಫ ಮುಟ್ಟಿದ್ರ ಬೆಂಕಿ ಹಂಗ ಸುಡ್ತದಂತ. ಖರೆ ಏನೋ?" ಮುತ್ತಣ್ಣ ಕೇಳಿದ.

"ಖರೆ ಮಾವ."

"ಮುಟ್ಟಿ ನೋಡೇ ಬಿಡ್ತೀನಿ."

ದುರ್ಗೇಶನ ಹೆಂಡತಿ ರಾಜೇಶ್ವರಿ ಎಲ್ಲ ಬಲ್ಲವಳು. ನೀರು ತರುವ ನೆವದಲ್ಲಿ ಅವನ ಪಕ್ಕ ಬಂದಳು.

"ಹೇಳಿದೇನು?"

"ನಾಳಿಗಿ ಹೇಳ್ತೀನಿ."

"ಥೂ, ನಿನ್ ಬಾಯಾಗ ಮಣ್ಣ ಹಾಕ. ಆ ರೊಟ್ಟಿ ನಿನಗ ಹೆಂಗ ಇಳೀತಾವ?"

ಇಳಿದವು. ಅದೇ ಅವನಿಗೆ ರಾತ್ರಿಯೆಲ್ಲ ಚುಚ್ಚಿತು.

*

ಮರುದಿನ ಇಂದಿರಾನಗರ. ಹಿಂದಿನ ಸಂಜೆ ಮೇಡಂ ತಮ್ಮ ಗೆಳತಿಯರನ್ನು ಕರೆದು, ಮನೆ ಮುಂದೆಯೇ ನಿಂತಿದ್ದ ಕ್ಯಾರವಾನಿನಲ್ಲಿ ಪಾರ್ಟಿ ಮಾಡಿದ್ದರು. ಹೊರಡುವ ಮುಂಚೆ ಎಲ್ಲ ಸರಿಯಿದೆಯೇ ನೋಡಬೇಕಲ್ಲ. ಎಲ್ಲ ಸರಿಯಿತ್ತು, ಟ್ಯಾಂಕು ಮಾತ್ರ ಟಿಶ್ಯೂ ಸಿಕ್ಕಿ ಕಟ್ಟಿಕೊಂಡಿತ್ತು. ಗಾಡಿಯನ್ನು ಪಕ್ಕದ ಮೋರಿಯ ಕಡೆಗೆ ತಿರುಗಿಸಲು ಹೇಳಿದ ಸುನೀಲ್. ತಿರುಗಿಸುತ್ತಿದ್ದ ದುರ್ಗೇಶನನ್ನು ನಡುರಸ್ತೆಯಲ್ಲೇ ನಿಲ್ಲಿಸಿ, ಬೂಟುಗಾಲಲ್ಲಿ ಟ್ಯಾಂಕಿನ ಮುಚ್ಚಳ ಸರಿಸಿ, ಮೂಗಿಗೆ ಕರವಸ್ತ್ರ ಹಿಡಿದ.

"ಏಯ್ ಜಿಂಕೆ, ಬಾ ಇಲ್ಲಿ. ಕೈ ಹಾಕಿ ಎಳಿ."

ಮುತ್ತಣ್ಣನ ಕೈಯಲ್ಲಿ ಗಾಜು ಒರೆಸುವ ಬಟ್ಟೆಯಿತ್ತು. ಅವನು ಟ್ಯಾಂಕಿನೊಳಗೆ ಇಣುಕಿದ. ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದ ಮೇಡಂ ಅವನಿಗೆ ಮುಜುಗರವಾಗಬಾರದೆಂದು ಮುಖ ತಿರುಗಿಸಿದರು.

"ನಾ ಗಾಜ ಒರಸಾಂವ್ರಿ."

"ಗಾಜಾ? ಯಾವನೋ ಹೇಳಿದ್ದು? ಈ ಕೆಲಸಕ್ಕೆ ಅಂತಲೇ ನಿನ್ನ ತಂದಿರೋದು. ನಿಮಗೇನು ಹೊಸದಾ?"

ಮುತ್ತಣ್ಣ ನಿಧಾನ ದುರ್ಗೇಶನ ಕಡೆ ತಿರುಗಿದ.

"ನಿನಗ ಗೊತ್ತಿತ್ತೇನೋ?"

"ಗೊತ್ತಿತ್ತು ಮಾವ."

"ನಿಮ್ಮಕ್ಕಗ?"

"ಇಲ್ಲ."

ಮುತ್ತಣ್ಣ ಕೈಯನ್ನು ಸ್ವೆಟರಿಗೆ ಒರೆಸಿಕೊಂಡ. ಆ ಕೈ ಇನ್ನೂ ಏನನ್ನೂ ಮುಟ್ಟಿರಲಿಲ್ಲ.

"ಸರ್, ನಾ ತಗೀತೀನ್ರಿ," ದುರ್ಗೇಶ ಇಳಿದು ಬಂದ.

"ಡ್ರೈವರ್ ಮುಟ್ಟಂಗಿಲ್ಲ ಅಂದಿಲ್ವೇನೋ? ನಿನ್ನೆ ಕನ್ನಡದಲ್ಲೇ ಹೇಳಿದ್ನಲ್ಲ? ಏಯ್, ಹಾಕೋ ಕೈ! ಟೈಮಾಯ್ತು."

ದುರ್ಗೇಶ ಹಿಂದಿರುಗಿ ಹೋಗಿ ಗಾಡಿಯ ಕೀಲಿ ಕಿತ್ತುಕೊಂಡು ಬಂದ. ಟ್ಯಾಂಕಿನ ಬಾಯಿಯ ಮೇಲೆ ಹಿಡಿದು, ಬಿಟ್ಟ. ಸದ್ದೂ ಬರಲಿಲ್ಲ. ಅಷ್ಟು ತುಂಬಿತ್ತು.

"ಈಗ ನಾ ಡ್ರೈವರ್ ಅಲ್ರಿ."

"ಲೇ ಬೋಳಿಮಗ್ನೆ! ಇರೋದೇ ಒಂದು ಕೀ! ಇನ್ನೊಂದು ಪುಣೆಯಿಂದ ಬರ್ಬೇಕು!"

"ಅಲ್ಲೇ ಅದ. ತಕ್ಕೋರಿ."

ರಸ್ತೆಗೆ ಅಡ್ಡ ನಿಂತ ಗಾಡಿಯ ಎರಡೂ ಕಡೆ ಹಾರ್ನು ಶುರುವಾಯಿತು. ಸುನೀಲ್ ಎದುರು ಮನೆಯ ವಾಚ್‌ಮನ್ ಕಡೆ ನೋಡಿದ; ಅವನು ಗೇಟಿನ ಚಿಲಕ ಪರೀಕ್ಷಿಸತೊಡಗಿದ. ಕಸ ಗುಡಿಸುವವಳ ಕಡೆ ನೋಡಿದ. ಅವಳು ಪೊರಕೆಯನ್ನು ಕಂಕುಳಲ್ಲಿಟ್ಟು ನೆಟ್ಟಗೆ ನಿಂತು ಅವನನ್ನೇ ನೋಡಿದಳು. ಬಾಲ್ಕನಿ ಖಾಲಿಯಾಗಿತ್ತು.

ಮುತ್ತಣ್ಣ ಒರೆಸುವ ಬಟ್ಟೆಯನ್ನು ಮಡಿಸಿ ಗಾಡಿಯ ಮೆಟ್ಟಿಲ ಮೇಲಿಟ್ಟು ನಡೆಯತೊಡಗಿದ್ದ. ದುರ್ಗೇಶ ಹಿಂದೆ ಓಡಿದ.

"ಮಾವಾ! ನಿಂದರ್ರಿ ಮಾವಾ, ನಾನೂ ಬರ್ತೀನಿ."

ಮುತ್ತಣ್ಣ ನಿಂತ. ತಿರುಗಲಿಲ್ಲ.

"ಕೀಲಿ ಒಗದೀ. ಖರೆ. ಹೆಸರೂ ನೀನ ಕೊಟ್ಟೀ," ಎಂದ. "ಹಿಂದ ಬರಬ್ಯಾಡ."

ದುರ್ಗೇಶ ಅಲ್ಲೇ ನಿಂತ. ಹಿಂದಿನಿಂದ ಸುನೀಲ್ ಕೂಗುತ್ತಿದ್ದ, ಯಾರಾದ್ರೂ ಬನ್ರೋ, ಯಾರಾದ್ರೂ. ಯಾರೂ ಹೋಗಲಿಲ್ಲ. ಮುಂದೆ ಸ್ವೆಟರಿನ ಬೆನ್ನು ಮೆಟ್ರೋ ಕಂಬಗಳ ಕೆಳಗೆ ಸಣ್ಣದಾಗುತ್ತ ಹೋಯಿತು. ಅತ್ತ ಒಂದು ಹೆಜ್ಜೆ ಇಡಲಾರದೆ, ಇತ್ತ ಒಂದು ಹೆಜ್ಜೆ ಇಡಲಾರದೆ ಅವನು ರಸ್ತೆಯ ನಡುವೆ ನಿಂತಿದ್ದ. ಎಲ್ಲರೂ ಅವನಿಗೇ ಹಾರ್ನು ಬಾರಿಸುತ್ತಿದ್ದರು.